ಎಂಟು ಮೊಳದ ಪಂಚೆ: ಹಿರಿಯರ ಮೂತ್ರ ಸೋರಿಕೆ ಮತ್ತು ಬಟ್ಟೆಯ ಡೈಪರ್

ಎಲ್ಲರಿಗೂ ನಮಸ್ಕಾರ. ಈ ಮಳೆಯಲ್ಲಿ, ಡೊಂಬಿವಲಿ, ಮುಲುಂಡ್, ಮೀರಾ ರೋಡ್ ಎಲ್ಲೆಲ್ಲಿಂದಲೋ ಲೋಕಲ್ ಹಿಡಿದು ಮಾಟುಂಗಾಕ್ಕೆ ಬಂದಿದ್ದೀರಿ. ನಿಮ್ಮಲ್ಲಿ ಎಷ್ಟು ಜನ ಮಧ್ಯಾಹ್ನದಿಂದ ನೀರು ಕುಡಿಯದೆ ಬಂದಿದ್ದೀರಿ? ಕೈ ಎತ್ತಬೇಡಿ. ನಮ್ಮ ಮುಂಬಯಿಯ ಲೋಕಲ್ ರೈಲಿನಲ್ಲಿ ಶೌಚಾಲಯ ಇಲ್ಲ. ಡೊಂಬಿವಲಿಯಿಂದ ಇಲ್ಲಿಗೆ ಹತ್ತಿರ ಹತ್ತಿರ ಒಂದು ಗಂಟೆ. ಮೂತ್ರ ತಡೆಯಲು ಆಗದವರು ಮೊದಲು ನೀರು ಕುಡಿಯುವುದನ್ನು ಬಿಡುತ್ತಾರೆ. ಆಮೇಲೆ ಲೋಕಲ್ ಬಿಡುತ್ತಾರೆ. ಆಮೇಲೆ ಮದುವೆ, ಪೂಜೆ, ಇಂಥ ಸಭೆ ಎಲ್ಲ ಬಿಡುತ್ತಾರೆ. "ಮೊಣಕಾಲು ನೋವು, ಬರೋಕಾಗಲ್ಲ" ಅಂತ ಫೋನಿನಲ್ಲಿ ಹೇಳುತ್ತಾರೆ. ಮೊಣಕಾಲಿನ ವಿಷಯ ಹೇಳಬಹುದು, ಇದನ್ನು ಹೇಳುವ ಹಾಗಿಲ್ಲ, ಅಲ್ವಾ?

ನನ್ನ ಅಪ್ಪ ಹಾಗೇ ಮಾಡಿದರು. ಇಲ್ಲೇ ಹತ್ತಿರದ ಒಂದು ಹೋಟೆಲಿನ ಅಡುಗೆಮನೆಯಲ್ಲಿ 30 ವರ್ಷ ನಿಂತು ದುಡಿದವರು. ಮೈಗೆ ಬಿಳಿ ಪಂಚೆ, ಹೆಗಲಿಗೆ ಬೈರಾಸ. 70 ದಾಟಿದ ಮೇಲೆ ಪಂಚೆಯ ಮುಂದೆ ಒದ್ದೆ ಕಾಣಿಸತೊಡಗಿತು. ನಾವು ನೋಡಿದೆವು, ನೋಡದ ಹಾಗೆ ಇದ್ದೆವು. ಅಪ್ಪ ಸಂಜೆ 4ರ ಮೇಲೆ ನೀರು ಕುಡಿಯುವುದನ್ನೇ ನಿಲ್ಲಿಸಿದರು. "ಬಾಯಾರಿಕೆ ಇಲ್ಲ ಮಗಾ" ಅನ್ನುತ್ತಿದ್ದರು. ಮುಂಬಯಿಯ ಮೇ ತಿಂಗಳಲ್ಲಿ ಬಾಯಾರಿಕೆ ಇಲ್ಲ! ಕೊನೆಗೆ ಚಳಿ ಜ್ವರ ಬಂದು ಆಸ್ಪತ್ರೆ ಸೇರಿದರು. ಮೂತ್ರದ ಸೋಂಕು. ನೀರು ಕಡಿಮೆಯಾದರೆ ಮೂತ್ರ ಗಾಢವಾಗುತ್ತದೆ. ಗಾಢ ಮೂತ್ರ ಮೂತ್ರಚೀಲವನ್ನು ಕೆಣಕುತ್ತದೆ, ಅವಸರ ಇನ್ನೂ ಜಾಸ್ತಿಯಾಗುತ್ತದೆ. ಸೋರಿಕೆಗೆ ಹೆದರಿ ನೀರು ಬಿಟ್ಟರೆ ಸೋರಿಕೆಯೇ ಹೆಚ್ಚುವುದು ಹೀಗೆ. ಇದು ನನಗೆ ಆಗ ಗೊತ್ತಿರಲಿಲ್ಲ.

ಆಸ್ಪತ್ರೆಯಲ್ಲಿ ಇನ್ನೊಂದು ವಿಷಯ ತಿಳಿಯಿತು. ಅಪ್ಪನಿಗೆ ಪ್ರಾಸ್ಟೇಟ್ ಗ್ರಂಥಿ ಊದಿ ಮೂತ್ರದ ದಾರಿ ಅಡ್ಡಗಟ್ಟಿತ್ತು. ಚೀಲ ಪೂರ್ತಿ ಖಾಲಿಯಾಗುತ್ತಲೇ ಇರಲಿಲ್ಲ. ತುಂಬಿದ ಕೊಡ ತುಳುಕಿದ ಹಾಗೆ ತೊಟ್ಟು ತೊಟ್ಟು ಹೊರಗೆ ಬರುತ್ತಿತ್ತು. ನಾವು ಸುಮ್ನೆ ಬಟ್ಟೆ ಕಟ್ಟಿ ಕೂರಿಸಿದ್ದರೆ ಕಿಡ್ನಿಗೇ ಪೆಟ್ಟು ಬೀಳುತ್ತಿತ್ತು. ಅದಕ್ಕೇ ಬಟ್ಟೆಯ ಮಾತಿಗೆ ಮೊದಲು ಡಾಕ್ಟರ ಮಾತು ಹೇಳುತ್ತಿದ್ದೇನೆ. ಸೋರಿಕೆ ಒಂದೇ ಬಗೆಯದಲ್ಲ. ಕೆಮ್ಮಿದರೆ, ಸೀನಿದರೆ, ಕೊಡ ಎತ್ತಿದರೆ ಹನಿಯುವುದು ಹೆರಿಗೆಯಾದ ಹೆಂಗಸರಲ್ಲಿ ಹೆಚ್ಚು. ಅವರಿಗೆ ಕೆಳಹೊಟ್ಟೆಯ ತಳದ ಸ್ನಾಯುಗಳನ್ನು ಬಿಗಿಹಿಡಿದು ಸಡಿಲ ಬಿಡುವ ವ್ಯಾಯಾಮ ಇದೆ. ಅಮೆರಿಕದ ಡಾಕ್ಟರ್ ಆರ್ನಾಲ್ಡ್ ಕೆಗೆಲ್ 1948ರಲ್ಲಿ ಅದರ ಬಗ್ಗೆ ಬರೆದರು. ಇಂದಿಗೂ ಅದನ್ನೇ ಮೊದಲು ಹೇಳಿಕೊಡುತ್ತಾರೆ. ಕೆಲವರಿಗೆ ಸಕ್ಕರೆ ಕಾಯಿಲೆ, ಕೆಲವರಿಗೆ ಮಲಬದ್ಧತೆ, ಕೆಲವರಿಗೆ ಬಿಪಿಗೆ ಕೊಟ್ಟ ಮೂತ್ರ ಹೋಗಿಸುವ ಮಾತ್ರೆ ಕಾರಣ. ಕಾರಣ ಸಿಕ್ಕಿದರೆ ಎಷ್ಟೋ ಜನರಿಗೆ ಡೈಪರೇ ಬೇಡ. "ವಯಸ್ಸಾಯ್ತು, ಇದೆಲ್ಲ ಸಹಜ" ಅನ್ನುವ ಮಾತನ್ನು ಮಾತ್ರ ದಯವಿಟ್ಟು ಬಿಡಿ.

ಅಪ್ಪನಿಗೆ ಆಪರೇಷನ್ ಆಯಿತು, ಸುಧಾರಿಸಿದರು. ಎರಡು ವರ್ಷದ ಮೇಲೆ ಪಾರ್ಕಿನ್ಸನ್ ಅನ್ನುವ ನರಗಳ ಕಾಯಿಲೆ ಬಂತು. ಹೆಜ್ಜೆ ನಿಧಾನವಾಯಿತು. ಹಾಸಿಗೆಯಿಂದ ಬಚ್ಚಲಿಗೆ ಹನ್ನೆರಡು ಹೆಜ್ಜೆ, ಅದನ್ನು ಮುಟ್ಟುವ ಮೊದಲೇ ಆಗಿಬಿಡುತ್ತಿತ್ತು. ಈ ಸಲ ಡೈಪರ್ ಬೇಕೇ ಆಯಿತು.

ಮೊದಲು ಅಂಗಡಿಯ ಡೈಪರ್ ತಂದೆವು. ಒಂದಕ್ಕೆ ಸುಮಾರು 40 ರೂಪಾಯಿ. ದಿನಕ್ಕೆ 4 ಅಂದರೆ 160, ತಿಂಗಳಿಗೆ 4,800. ಅಪ್ಪನಿಗೆ ಇದರ ಲೆಕ್ಕ ಗೊತ್ತಾದ ದಿನದಿಂದ "ಇನ್ನೂ ಒದ್ದೆಯಾಗಿಲ್ಲ, ಇರಲಿ" ಅಂತ ಒಂದನ್ನೇ ಹತ್ತು ಗಂಟೆ ಎಳೆಯತೊಡಗಿದರು. ಒಳಗೆ ಜೆಲ್ ಇರುತ್ತದಲ್ಲ, ಅದು ಮೂತ್ರವನ್ನು ಹಿಡಿದು ಮೇಲ್ಮೈ ಒಣಗಿದ ಹಾಗೆ ತೋರಿಸುತ್ತದೆ. ನಾವೂ ನಂಬಿದೆವು. ತೊಡೆಸಂದಿ ಕೆಂಪಾಗಿ, ಚರ್ಮ ಸುಲಿದ ಮೇಲೆ ಎಚ್ಚರವಾಯಿತು.

ನಿಜ ಹೇಳಬೇಕು. ಸೋರದಂತೆ ಹಿಡಿಯುವುದರಲ್ಲಿ, ಮೈಯನ್ನು ಒಣಗಿಸಿ ಇಡುವುದರಲ್ಲಿ ಜೆಲ್ ಡೈಪರ್ ಬಟ್ಟೆಗಿಂತ ಮುಂದೆ. ತಪ್ಪು ಡೈಪರಿನದಲ್ಲ, ಬದಲಿಸದ ನಮ್ಮದು. ಆದರೆ ಬಟ್ಟೆ ನಮ್ಮನ್ನು ಬದಲಿಸುವಂತೆ ಮಾಡುತ್ತದೆ. ಒದ್ದೆಯಾದರೆ ಕೈಗೆ ತಿಳಿಯುತ್ತದೆ, ಉಟ್ಟವರಿಗೂ ತಿಳಿಯುತ್ತದೆ. ಬದಲಿಸಿದ್ದಕ್ಕೆ 40 ರೂಪಾಯಿ ಹೋಯಿತು ಅನ್ನುವ ಸಂಕಟ ಇಲ್ಲ. ನಮ್ಮ ಮನೆಯಲ್ಲಿ ಬಟ್ಟೆ ಗೆದ್ದಿದ್ದು ಈ ಒಂದು ಕಾರಣಕ್ಕೆ.

ಕಸದ ವಿಷಯವನ್ನೂ ಹೇಳಿಬಿಡುತ್ತೇನೆ. 1927ರಿಂದ ಕಸ ಬೀಳುತ್ತಾ ಬಂದ ದೇವನಾರಿನ ಗುಡ್ಡ ನಮಗೆಲ್ಲ ಗೊತ್ತು. ಬಳಸಿದ ಡೈಪರನ್ನು ಸುತ್ತಿ ಕೊಡಬೇಕು ಅಂತ 2016ರ ಕಸದ ನಿಯಮದಲ್ಲೇ ಬಂದಿದೆ. ಪುಣೆಯಲ್ಲಿ ಕಸ ಆಯುವವರ ಸಹಕಾರ ಸಂಸ್ಥೆ 'ಸ್ವಚ್ಛ್' ಇದೆ. ಕಾಗದದಲ್ಲಿ ಸುತ್ತಿ ಮೇಲೆ ಕೆಂಪು ಚುಕ್ಕೆ ಹಾಕಿ ಕೊಡಿ ಅಂತ ಅವರು ಊರಿಗೆಲ್ಲ ಕೇಳಿಕೊಂಡರು. ಆ ಹೆಣ್ಣುಮಕ್ಕಳು ಬರಿಗೈಯಲ್ಲಿ ಬಿಚ್ಚಿ ನೋಡುವ ಹಾಗಾಗಬಾರದು, ಅಷ್ಟೇ. ಅಂಗಡಿಯ ಡೈಪರ್ ಬಳಸುವವರು ಇವತ್ತಿನಿಂದಲೇ ಇದನ್ನು ಮಾಡಿ.

ಈಗ ಬಟ್ಟೆಗೆ ಬರುತ್ತೇನೆ. ನಾನು ಮಂಗಳದಾಸ್ ಮಾರ್ಕೆಟಿಗೆ ಹೋಗಿ ಫ್ಲಾನೆಲ್ ತಂದೆ, ಚೆನ್ನಾಗಿಯೇ ಇತ್ತು. ಆದರೆ ಎಲ್ಲಕ್ಕಿಂತ ಒಳ್ಳೆಯದು ಮನೆಯ ಕಪಾಟಿನಲ್ಲೇ ಇತ್ತು, ಅಪ್ಪನ ಹಳೆಯ ಪಂಚೆಗಳು. ನೂರು ಸಲ ಒಗೆದು ಮೆತ್ತಗಾದ ಹತ್ತಿ. ಎಂಟು ಮೊಳದ ಪಂಚೆ ಅಂದರೆ ಸುಮಾರು 3.6 ಮೀಟರ್. ಅದನ್ನು ನಾಲ್ಕು ತುಂಡು ಮಾಡಿ. ಒಂದೊಂದು ತುಂಡು 90 ಸೆಂಟಿಮೀಟರ್ ಉದ್ದ, ಪನ್ನ, ಅಂದರೆ ಅಗಲ, 127 ಇರುತ್ತದೆ. 90ನ್ನು ಮೂರು ಮಡಿಕೆ, 127ನ್ನು ಎರಡು ಮಡಿಕೆ ಮಾಡಿ. 30 ಅಗಲ, 63 ಉದ್ದದ, ಆರು ಪದರದ ಪಟ್ಟಿ ಸಿಗುತ್ತದೆ. ಇದನ್ನು ಹೊಲಿಯಬೇಡಿ. ಹೊಲಿದ ದಪ್ಪ ಪಟ್ಟಿ ಮುಂಬಯಿ ಮಳೆಯಲ್ಲಿ ಮೂರು ದಿನವಾದರೂ ಒಣಗುವುದಿಲ್ಲ. ಬಿಚ್ಚಿ ಹರಡಿದ ಪಂಚೆಯ ತುಂಡು ಫ್ಯಾನಿನ ಕೆಳಗೆ ರಾತ್ರಿ ಕಳೆಯುವಷ್ಟರಲ್ಲಿ ಒಣಗುತ್ತದೆ. ಗಂಡಸರಿಗೆ ಮುಂಭಾಗದಲ್ಲಿ ಇನ್ನೊಂದು ಮಡಿಕೆ ಹಾಕಿ ದಪ್ಪ ಮಾಡಿ, ಹೆಂಗಸರಿಗೆ ನಡುವೆ. ರಾತ್ರಿಗೆ ಎರಡು ಪಟ್ಟಿ. ಒಂದು ಸಲಕ್ಕೆ ದೊಡ್ಡವರು ಕಾಲು ಲೀಟರಿನಿಂದ ಅರ್ಧ ಲೀಟರಿನ ತನಕ ಬಿಡಬಹುದು. ಮಗುವಿನ ಲಂಗೋಟಿಯ ಅಳತೆಯಲ್ಲಿ ಯೋಚಿಸಬೇಡಿ.

ಹೊಸ ಬಟ್ಟೆ ಕೊಂಡರೆ ಗಂಜಿ ಹೋಗುವ ತನಕ ನಾಲ್ಕೈದು ಸಲ ಬಿಸಿನೀರಲ್ಲಿ ಒಗೆದೇ ಬಳಸಿ. ಹತ್ತಿಯೋ ಅಲ್ಲವೋ ಅನುಮಾನ ಬಂದರೆ ಒಂದು ದಾರ ಎಳೆದು ಸುಟ್ಟು ನೋಡಿ. ಹತ್ತಿ ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಉಂಡೆಯಾಗುತ್ತದೆ, ಅದು ನೀರು ಹೀರುವುದಿಲ್ಲ.

ಪಟ್ಟಿಯ ಮೇಲೆ ನೀರು ದಾಟದ ಹೊದಿಕೆ ಬೇಕು. ಹಿಂದೆ ಪ್ಲಾಸ್ಟಿಕ್ ಚಡ್ಡಿ ಇತ್ತು, ಅದರಲ್ಲಿ ಮೈ ಬೇಯುತ್ತಿತ್ತು. ಈಗ ಬಟ್ಟೆಗೆ ತೆಳು ಪಾಲಿಯುರೆಥೇನ್ ಪದರ ಅಂಟಿಸಿದ ಹೊದಿಕೆ ಸಿಗುತ್ತದೆ, ಪಕ್ಕದಲ್ಲಿ ಟಿಚ್ ಬಟನ್ ಇರುತ್ತದೆ. ಇದನ್ನು ಮಲಗಿದಲ್ಲೇ ಬಿಚ್ಚಿ ಹಾಕಬಹುದು. ಸೊಂಟದ ಅಳತೆ ಮಾತ್ರ ಸಾಲದು, ತೊಡೆಯ ಸುತ್ತಳತೆಯನ್ನೂ ನೋಡಿ. ಸೋರುವುದು ಹೆಚ್ಚಾಗಿ ತೊಡೆಯ ಅಂಚಿನಿಂದಲೇ. ನಾವು 24 ಪಟ್ಟಿ, 4 ಹೊದಿಕೆ ಇಟ್ಟುಕೊಂಡೆವು. ಎಲ್ಲ ಸೇರಿ 4,000 ರೂಪಾಯಿಯ ಒಳಗೇ ಆಯಿತು.

ಒಗೆಯುವುದು ದೊಡ್ಡ ವಿಷಯ, ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಒದ್ದೆ ಬಟ್ಟೆಯನ್ನು ಬಕೆಟ್ಟಿನಲ್ಲಿ ಗಂಟೆಗಟ್ಟಲೆ ಇಟ್ಟರೆ ಮೂತ್ರದ ಯೂರಿಯಾವನ್ನು ಬ್ಯಾಕ್ಟೀರಿಯಾ ಒಡೆಯುತ್ತದೆ, ಅಮೋನಿಯಾ ಹುಟ್ಟುತ್ತದೆ. ಕಣ್ಣು ಉರಿಸುವ ಆ ವಾಸನೆ ಅದರದೇ. ಚರ್ಮ ಸುಡುವುದರಲ್ಲೂ ಅದರ ಪಾಲಿದೆ. ಅದಕ್ಕೇ ತೆಗೆದ ತಕ್ಷಣ ತಣ್ಣೀರಲ್ಲಿ ಒಂದು ಸಲ ಜಾಲಿಸಿ ಹಿಂಡಿ ಇಡಿ. ಮಲ ಇದ್ದರೆ ಕಮೋಡಿಗೆ ಉದುರಿಸಿ, ಆಮೇಲೆ ಬೇರೆಯಾಗಿ ಒಗೆಯಿರಿ. ದಿನಕ್ಕೊಮ್ಮೆ 60 ಡಿಗ್ರಿಯ ಬಿಸಿನೀರು, ಸಾಮಾನ್ಯ ಡಿಟರ್ಜೆಂಟ್, ಆಮೇಲೆ ಎರಡು ಸಲ ಶುದ್ಧ ನೀರು. ಸೋಪು ಉಳಿದರೂ ಮೈ ಉರಿಯುತ್ತದೆ. ಹೊದಿಕೆಗೆ ಅಷ್ಟು ಬಿಸಿ ಬೇಡ, ಅದರ ಲೇಬಲ್ ನೋಡಿ ಒಗೆಯಿರಿ. ಮೃದು ಮಾಡುವ ಸುವಾಸನೆಯ ದ್ರಾವಣ ಹಾಕಬೇಡಿ. ಅದು ಎಳೆಯ ಮೇಲೆ ಜಿಡ್ಡಿನಂತೆ ಕೂತು ಹೀರುವ ಶಕ್ತಿ ಕೆಡಿಸುತ್ತದೆ. ಬ್ಲೀಚನ್ನು ಮೂತ್ರದ ಬಟ್ಟೆಗೆ ಸುರಿಯಲೇಬೇಡಿ. ಅಮೋನಿಯಾ ಸೇರಿದರೆ ವಿಷದ ಅನಿಲ ಬರುತ್ತದೆ. ನಮ್ಮ ಬಚ್ಚಲು ಎಷ್ಟು ಸಣ್ಣದು, ನಿಮಗೆ ಗೊತ್ತಲ್ಲ. ಬೋರ್‌ವೆಲ್ ಅಥವಾ ಟ್ಯಾಂಕರ್ ನೀರು ಗಡಸಾಗಿದ್ದರೆ ಬಟ್ಟೆ ಬರಬರುತ್ತಾ ಹಲಗೆಯಂತಾಗುತ್ತದೆ. ಕೊನೆಯ ಜಾಲಿಕೆಗಾದರೂ ಬೆಳಿಗ್ಗೆ ಬರುವ ನಲ್ಲಿ ನೀರನ್ನು ಹಿಡಿದಿಡಿ. ಬಿಸಿಲಿದ್ದರೆ ಕಿಟಕಿಯ ಗ್ರಿಲ್ಲಿಗೆ ಹಾಕಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಫ್ಯಾನು, ಕೊನೆಗೆ ಇಸ್ತ್ರಿ. ತೇವ ಉಳಿದ ಬಟ್ಟೆ ಉಡಿಸಿದರೆ ಬೂಸು, ತುರಿಕೆ ಗ್ಯಾರಂಟಿ.

ಇಷ್ಟು ಕೆಲಸ ಯಾರು ಮಾಡುತ್ತಾರೆ? ನಮ್ಮ ಮನೆಗೆಲಸಕ್ಕೆ ಬರುವಾಕೆ "ಇದು ಮಾತ್ರ ಆಗಲ್ಲ" ಅಂದಳು. ಅವಳು ಹೇಳಿದ್ದು ಸರಿ, ಅದು ಅವಳ ಕೆಲಸ ಅಲ್ಲ. ಮೊದಲ ಹದಿನೈದು ದಿನ ನನ್ನ ಹೆಂಡತಿ ಒಗೆದಳು, ಯಾರೂ ಅವಳಿಗೆ ಹೇಳಿರಲಿಲ್ಲ. ಯಾರೂ ಹೇಳದಿದ್ದರೂ ಅದು ಸೊಸೆಯ ಕೈಗೇ ಹೋಗುತ್ತದೆ, ಅಲ್ವಾ? ಒಂದು ರಾತ್ರಿ ಬಚ್ಚಲಿನಲ್ಲಿ ಅವಳು ಸೊಂಟ ಹಿಡಿದುಕೊಂಡು ಗೋಡೆಗೆ ಒರಗಿ ನಿಂತಿದ್ದನ್ನು ನೋಡಿದೆ. ಮರುದಿನದಿಂದ ನಾನೇ ಒಗೆದೆ, ಮೂರು ವರ್ಷ. ಗಂಡಸರೇ, ಇಲ್ಲಿ ಕೂತ ಗಂಡುಮಕ್ಕಳೇ, ಬಟ್ಟೆ ಅಗ್ಗ ಅಂತ ಲೆಕ್ಕ ಹಾಕುವ ಮೊದಲು ಆ ಲೆಕ್ಕದಲ್ಲಿ ತೊಳೆಯುವ ಕೈ ಯಾರದು ಅಂತ ನೋಡಿ. ಹೆಂಡತಿಯ ಸೊಂಟವನ್ನು ಸೊನ್ನೆ ಅಂತ ಬರೆದರೆ ಮಾತ್ರ ಬಟ್ಟೆ ಅಗ್ಗವಾಗುವುದಾದರೆ, ಅಂಗಡಿಯ ಡೈಪರೇ ತನ್ನಿ. ನಾನು ಮನಸಾರೆ ಹೇಳುತ್ತಿದ್ದೇನೆ. ನಾನು ಒಗೆಯತೊಡಗಿದ ಮೇಲೆ ಅಪ್ಪನ ಸಂಕೋಚವೂ ಕಡಿಮೆಯಾಯಿತು. ಸೊಸೆಯ ಎದುರು ತಲೆ ತಗ್ಗಿಸುತ್ತಿದ್ದವರು, ನನ್ನ ಹತ್ತಿರ "ಇದು ಒದ್ದೆಯಾಯ್ತು ಮಗಾ, ಬೇರೆ ಕೊಡು" ಅನ್ನತೊಡಗಿದರು. ಆ ಮಾತು ಬರಲು ಎರಡು ತಿಂಗಳು ಬೇಕಾಯಿತು.

ನಾವು ಮನೆಯಲ್ಲಿ ಡೈಪರ್ ಅನ್ನುವ ಶಬ್ದ ಬಳಸಲಿಲ್ಲ. ಅಪ್ಪ ಅದನ್ನು 'ಒಳಪಂಚೆ' ಅಂದರು, ನಾವೂ ಹಾಗೇ ಅಂದೆವು. ಉಡುವವರು ಏನು ಹೆಸರಿಟ್ಟರೆ ಅದೇ ಹೆಸರು. ಯಾವ ಬಟ್ಟೆ, ಎಷ್ಟು ಬಿಗಿ, ಯಾರು ಬದಲಿಸಬೇಕು, ಎಲ್ಲ ಅವರನ್ನೇ ಕೇಳಿ. ಮಾತಿನಲ್ಲಿ ಮಗುವಿನಂತೆ ಲಲ್ಲೆ ಬೇಡ. ನೆಂಟರು ಕೂತಿರುವಾಗ "ಬದಲಿಸಬೇಕಾ?" ಅಂತ ಕೂಗುವುದಂತೂ ಬೇಡವೇ ಬೇಡ.

ಚರ್ಮವನ್ನು ದಿನಾ ನೋಡಿ. ಉಗುರುಬೆಚ್ಚಗಿನ ನೀರಿನಲ್ಲಿ ಒರೆಸಿ, ಉಜ್ಜದೆ ಒತ್ತಿ ಒಣಗಿಸಿ. ಹೆಂಗಸರಿಗೆ ಮುಂದಿನಿಂದ ಹಿಂದಕ್ಕೆ ಒರೆಸಬೇಕು. ಪೌಡರ್ ಬೇಡ, ಒದ್ದೆಯಾದರೆ ಗಂಟು ಕಟ್ಟುತ್ತದೆ. ವ್ಯಾಸಲೀನ್ ತರಹದ್ದು ತೆಳ್ಳಗೆ ಸಾಕು. ಜಾಸ್ತಿ ಬಳಿದರೆ ಬಟ್ಟೆ ಹೀರುವುದಿಲ್ಲ. ಹಗಲು ಎರಡು ಮೂರು ಗಂಟೆಗೊಮ್ಮೆ ಮುಟ್ಟಿ ನೋಡಿ. ಅದಕ್ಕೂ ಮೊದಲು ಬಚ್ಚಲಿಗೆ ಕರೆದುಕೊಂಡು ಹೋಗಿ. ಡೈಪರ್ ಇದೆ ಅಂತ ಬಚ್ಚಲು ನಿಲ್ಲಿಸಬಾರದು, ಕಾಲಲ್ಲಿ ಇರುವ ಶಕ್ತಿಯೂ ಹೋಗುತ್ತದೆ. ಮಲಗಿದಲ್ಲೇ ಇರುವವರ ಸೊಂಟದ ಕೆಳಗೆ ಕೆಂಪು ಕಂಡರೆ ಬೆರಳಿನಿಂದ ಒತ್ತಿ ಬಿಡಿ. ಒತ್ತಿದಾಗಲೂ ಬಿಳಿಯಾಗದ ಕೆಂಪು ಹಾಸಿಗೆ ಹುಣ್ಣಿನ ಮೊದಲ ಗುರುತು. ಅವತ್ತೇ ಡಾಕ್ಟರಿಗೆ ತೋರಿಸಿ.

ಬಟ್ಟೆ ಎಲ್ಲ ಕಡೆ ನಡೆಯುವುದಿಲ್ಲ. ಭೇದಿ ಆದಾಗ, ಹುಣ್ಣು ಇದ್ದಾಗ, ಊರಿಗೆ ರಾತ್ರಿಯ ರೈಲಿನಲ್ಲಿ ಹೋಗುವಾಗ ನಾವೂ ಅಂಗಡಿಯದ್ದನ್ನೇ ಹಾಕಿದೆವು. ಕೊನೆಯ ಮೂರು ತಿಂಗಳು ರಾತ್ರಿ ಅದು, ಹಗಲು ಪಂಚೆ. ಒಂದೇ ಹಟ ಹಿಡಿಯಬೇಡಿ.

ಅಪ್ಪ ಹೋದದ್ದು ಮನೆಯಲ್ಲೇ, ನವೆಂಬರಿನ ಒಂದು ಬೆಳಿಗ್ಗೆ. ಮೈಯಲ್ಲಿ ಒಂದು ಹುಣ್ಣೂ ಇರಲಿಲ್ಲ. ಹಿಂದಿನ ರಾತ್ರಿ ಊಟವಾದ ಮೇಲೆ ಒಂದು ಲೋಟ ತುಂಬ ನೀರು ಕೇಳಿ ಕುಡಿದಿದ್ದರು.

ಈ ಮೇಜಿನ ಮೇಲೆ ಅವರ ಪಂಚೆಯ ತುಂಡುಗಳಿವೆ, ಹೊದಿಕೆಯೂ ಇದೆ. ಎಲ್ಲ ಒಗೆದು ಇಸ್ತ್ರಿ ಮಾಡಿದ್ದು. ಎದ್ದು ಬಂದು ಮುಟ್ಟಿ ನೋಡಿ, ಮಡಿಸಿ ನೋಡಿ. ಎಲ್ಲರ ಎದುರು ಕೇಳಲು ಸಂಕೋಚ ಇದ್ದವರಿಗಾಗಿ ನಾನು ಸಭೆ ಮುಗಿದ ಮೇಲೆ ಹಿಂದಿನ ಕೋಣೆಯಲ್ಲಿ ಕೂತಿರುತ್ತೇನೆ. ಹೆಂಗಸರ ಹತ್ತಿರ ಮಾತಾಡಲು ನನ್ನ ಹೆಂಡತಿಯೂ ಬಂದಿದ್ದಾಳೆ. ಕುಡಿಯುವ ನೀರು ಬಾಗಿಲ ಪಕ್ಕ ಇದೆ, ಶೌಚಾಲಯ ಮೆಟ್ಟಿಲಿನ ಎಡಕ್ಕೆ.