ನಿನ್ನ ಮಕ್ಕಳು, ನನ್ನ ಮಕ್ಕಳು, ಜೊತೆಗೆ ನಮ್ಮದೊಂದು

ಕೇಳುಗರೇ, ನಮಸ್ಕಾರ. ಮಲತಾಯಿ ಅಂದ ಕೂಡಲೇ ಅಜ್ಜಿ ಕಥೆಯ ಕೆಟ್ಟ ಹೆಂಗಸೇ ಕಣ್ಣ ಮುಂದೆ ಬರುತ್ತಾಳೆ, ಅಲ್ವಾ? ಆ ಕಥೆ ಸುಮ್ನೆ ಹುಟ್ಟಿದ್ದಲ್ಲ. ಹೆರಿಗೆಯಲ್ಲಿ ತಾಯಂದಿರು ಸಾಯುವುದು ಆಗ ಜಾಸ್ತಿ, ಎಳೆ ಮಕ್ಕಳನ್ನು ನೋಡಿಕೊಳ್ಳಲು ಯಾರಾದರೂ ಬೇಕಲ್ಲ ಅಂತ ಗಂಡ ಬೇಗನೆ ಇನ್ನೊಂದು ಮದುವೆ ಆಗುತ್ತಿದ್ದ.

ಈಗ ಯುರೋಪು, ಅಮೆರಿಕದಲ್ಲಿ ಲೆಕ್ಕ ತಿರುಗಿದೆ. ಸಾವಿಗಿಂತ ದಂಪತಿ ಬೇರೆಯಾಗುವುದೇ ಹೆಚ್ಚು. ಆಮೇಲೆ ಮಕ್ಕಳು ಬಹುಪಾಲು ತಾಯಿಯ ಬಳಿ ಉಳಿಯುವುದರಿಂದ ಮನೆಗೆ ಬರುವವನು ಮಲತಂದೆ. ಸ್ವೀಡನ್ನಿನಲ್ಲಿ ಬಹಳ ಮಕ್ಕಳು ವಾರ ಅಪ್ಪನ ಮನೆ, ವಾರ ಅಮ್ಮನ ಮನೆ ಅಂತ ಓಡಾಡುತ್ತಾರೆ. ಅಮೆರಿಕದಲ್ಲಿ ಎಷ್ಟೋ ಹೆಂಗಸರು ಮೊದಲು ಒಂಟಿಯಾಗಿಯೇ ಮಗು ಹೆರುತ್ತಾರೆ, ಸಂಗಾತಿ ಮನೆಗೆ ಬರುವುದು ಆಮೇಲೆ. ಕಾನೂನಿನ ಪಾತ್ರವೂ ಇದೆ: ಇಟಲಿಯಲ್ಲಿ ವಿಚ್ಛೇದನ ಬಂದದ್ದು 1970ರಲ್ಲಿ, ಐರ್ಲೆಂಡಿನ ಜನ ಅದಕ್ಕೆ ಹೂಂ ಅಂದದ್ದು 1995ರಲ್ಲಿ, ಮಾಲ್ಟಾದಲ್ಲಿ 2011ರವರೆಗೆ ಕಾಯಬೇಕಾಯಿತು.

ನನಗೆ ಕುತೂಹಲ ಹುಟ್ಟಿಸುವುದು ಮುಂದಿನ ಸಂಗತಿ. ಅವಳಿಗೆ ಇಬ್ಬರು, ಇವನಿಗೆ ಒಬ್ಬ, ಮನೆ ಆಗಲೇ ತುಂಬಿದೆ. ಸಾಕು ಅನ್ನಬೇಕಲ್ವಾ? ಎಷ್ಟೋ ಜೋಡಿಗಳು ಹಾಗನ್ನುವುದಿಲ್ಲ. 1999ರಲ್ಲಿ ಸ್ವೀಡನ್ನಿನ ಬಗ್ಗೆ ವಿಕಾಟ್, ಥಾಮ್ಸನ್, ಹೋಮ್ ಎಂಬ ಮೂವರು ಬರೆದ ಅಧ್ಯಯನದಲ್ಲಿ ಇದು ಚೆನ್ನಾಗಿ ಕಾಣುತ್ತದೆ: ಹಿಂದಿನ ಮಕ್ಕಳು ಎಷ್ಟೇ ಇರಲಿ, ಇಬ್ಬರಿಗೂ ಸೇರಿದ ಒಂದು ಮಗು ಬೇಕು ಎನ್ನುವ ಆಸೆ ಬಲವಾಗಿದೆ. ಆ ಮಗು ಹೊಸ ಸಂಸಾರಕ್ಕೆ ಹಾಕಿದ ಗಂಟು. ಇಬ್ಬರಲ್ಲಿ ಒಬ್ಬರಿಗೆ ಸ್ವಂತ ಮಗುವೇ ಇಲ್ಲದಿದ್ದರೆ ಅಪ್ಪನೋ ಅಮ್ಮನೋ ಆಗುವ ಆಸೆಯೂ ಸೇರುತ್ತದೆ. ಆಮೇಲೆ ಆ ಮಗುವಿಗೆ ಒಡಹುಟ್ಟಿದವರು ಬೇಕು ಎಂಬ ಮಾತು ಬರುತ್ತದೆ, ಅಲ್ಲಿ ಮಾತ್ರ ಅರ್ಧ ಸಂಬಂಧದ ಅಣ್ಣ ಅಕ್ಕಂದಿರು ಸಾಕಾ ಎನ್ನುವುದು ಪ್ರಶ್ನೆ.

ಹಾಗಾದರೆ ಸಂಸಾರ ಮುರಿದಷ್ಟೂ ಮಕ್ಕಳು ಹೆಚ್ಚುತ್ತವಾ? ಇಲ್ಲ. ಫ್ರಾನ್ಸಿನ ಬಗ್ಗೆ ಕಂಪ್ಯೂಟರಿನಲ್ಲಿ ಸಾವಿರಾರು ಕಾಲ್ಪನಿಕ ಬದುಕುಗಳನ್ನು ಕಟ್ಟಿ ನೋಡಿದ ಒಂದು ಅಧ್ಯಯನ 2012ರಲ್ಲಿ ಬಂತು. ಅದರ ಪ್ರಕಾರ, ದಂಪತಿ ಬೇರೆಯಾದ್ದರಿಂದ ಹುಟ್ಟದೆ ಹೋದ ಮಕ್ಕಳಲ್ಲಿ ಒಂದು ಪಾಲನ್ನಷ್ಟೇ ಎರಡನೇ ಸಂಸಾರ ತುಂಬಿಕೊಡುತ್ತದೆ. ಕಾರಣ ಸುಲಭ: ಮುರಿದು, ಸುಧಾರಿಸಿಕೊಂಡು, ಇನ್ನೊಬ್ಬರನ್ನು ನಂಬುವಷ್ಟರಲ್ಲಿ ಹೆಣ್ಣಿನ ಹೆರುವ ವಯಸ್ಸು ಜಾರಿರುತ್ತದೆ. ಚಿಕ್ಕ ವಯಸ್ಸಿನಲ್ಲೇ ಮೊದಲ ಮಗು ಹೆತ್ತವರಿಗೆ ಇನ್ನೂ ವರ್ಷಗಳು ಉಳಿದಿರುತ್ತವೆ, ಬೇರೆ ಬೇರೆ ಸಂಗಾತಿಗಳಿಂದ ಮಕ್ಕಳಾಗುವುದು ಅವರಲ್ಲೇ ಹೆಚ್ಚು.

ಇದನ್ನೆಲ್ಲ ಎಣಿಸುವುದೂ ಕಷ್ಟವೇ. ಸಮೀಕ್ಷೆಯವರು ಗಂಡಸರನ್ನು ಕೇಳಿದರೆ, ಹಳೆಯ ಸಂಸಾರದ ಮಕ್ಕಳನ್ನು ಹೇಳದೆ ಬಿಡುವವರು ಎಷ್ಟೋ ಜನ. ಅದಕ್ಕೇ ಈ ಅಧ್ಯಯನಗಳು ಬಹಳಷ್ಟು ಹೆಂಗಸರ ಉತ್ತರದ ಮೇಲೆ ನಿಂತಿವೆ.