ತೋಡಿಯ ಜಿಂಕೆಗಳಿಗೆ ಏನು ಕೇಳಿಸುತ್ತಿದೆ?

ಒಂದು ಚಿತ್ರ ಹೇಳುತ್ತೇನೆ, ಕಣ್ಣು ಮುಚ್ಚಿಕೊಂಡು ಕೇಳಿ. ಕಾಡಿನಂಚಿನಲ್ಲಿ ಒಬ್ಬಳು ಹೆಂಗಸು. ಹೆಗಲ ಮೇಲೆ ಎರಡು ಸೋರೆಬುರುಡೆಯ ವೀಣೆ. ಸುತ್ತ ಜಿಂಕೆಗಳು, ಮೇಯುವುದನ್ನು ಬಿಟ್ಟು ಕತ್ತೆತ್ತಿ ಅವಳನ್ನೇ ನೋಡುತ್ತಿವೆ. ಅಷ್ಟೇ. ಇವಳು ತೋಡಿ ರಾಗಿಣಿ.

ರಾಗಮಾಲಾ ಅಂದರೆ ಒಂದೊಂದು ರಾಗವನ್ನೂ ಒಬ್ಬ ಗಂಡು ಇಲ್ಲವೇ ಹೆಣ್ಣಾಗಿ ತೋರಿಸುವ ಹಳೆಯ ಚಿತ್ರಗಳ ಸರಣಿ. ಅವುಗಳ ಬಗ್ಗೆ ಮಾತು ಬಂದರೆ ಈ ಚಿತ್ರ ಬಂದೇ ಬರುತ್ತದೆ. ಹಿಂದೆ ತೋಡಿಯ ಆಲಾಪ ಹಾಕಿ, "ನೋಡಿ, ರಾಗವೇ ಬಣ್ಣವಾಗಿದೆ" ಅನ್ನುತ್ತಾರೆ. ಕೇಳೋಕೆ ಚೆನ್ನಾಗಿದೆ. ಆದರೆ ಯಾವ ತೋಡಿ ಸ್ವಾಮಿ? ನಮ್ಮ ಕರ್ನಾಟಕ ಸಂಗೀತದ ತೋಡಿಯ ಸ್ವರಗಳನ್ನು ಹಿಂದೂಸ್ತಾನಿಯವರು ಭೈರವಿ ಅನ್ನುತ್ತಾರೆ. ಅವರ ತೋಡಿಯ ಸ್ವರಗಳು ನಮ್ಮಲ್ಲಿ ಶುಭಪಂತುವರಾಳಿ. ಹಿಂದೋಳದ ಕಥೆ ಇನ್ನೂ ಮಜಾ. ಚಿತ್ರದಲ್ಲಿ ಹಿಂದೋಲ ಅಂದರೆ ಉಯ್ಯಾಲೆ, ಕೃಷ್ಣ, ವಸಂತ. ನಮ್ಮ ಕಛೇರಿಯಲ್ಲಿ ಹಿಂದೋಳ ಅಂದರೆ ಅವರ ಮಾಲ್ಕೌಂಸ್. ಚಿತ್ರಗಳಲ್ಲಿ ಮಾಲ್ಕೌಂಸ್ ಉಯ್ಯಾಲೆ ಹತ್ತುವುದಿಲ್ಲ, ರಾಜನ ಠೀವಿಯಲ್ಲಿ ಕೂತಿರುತ್ತಾನೆ. ಒಂದೇ ಸ್ವರಗಳು, ಎರಡು ಹೆಸರು, ಎರಡು ಚಿತ್ರ. ಸ್ವರವೇ ಬಣ್ಣವಾಗಿದ್ದರೆ ಹೀಗಾಗುತ್ತಿತ್ತಾ?

ನನ್ನ ಮಾತು ಇಷ್ಟು. ಈ ಚಿತ್ರಗಳು ಹುಟ್ಟಿದ್ದು ನಾದದಿಂದ ಅಲ್ಲ, ಮಾತಿನಿಂದ. ಒಂದೊಂದು ರಾಗಕ್ಕೂ ಒಂದು ಧ್ಯಾನಶ್ಲೋಕ ಇತ್ತು. ಇವಳು ಹೀಗಿದ್ದಾಳೆ, ಇಂಥ ಬಟ್ಟೆ, ಇಂಥ ಹೊತ್ತು, ಪಕ್ಕದಲ್ಲಿ ನವಿಲು, ಇಲ್ಲವೇ ಹಾವು. ಎಷ್ಟೋ ಚಿತ್ರಗಳ ಮೇಲ್ಗಡೆ ಪಟ್ಟಿಯಲ್ಲಿ ಆ ಸಾಲುಗಳನ್ನೇ ಬರೆದಿರುತ್ತಾರೆ. ಚಿತ್ರಕಾರನ ಮುಂದೆ ಇದ್ದದ್ದು ಪದ್ಯ. ಗವಾಯಿ ಪಕ್ಕದಲ್ಲಿ ಕೂತು ಹಾಡಬೇಕಾಗಿರಲಿಲ್ಲ.

ಎಷ್ಟೋ ಸಲ ಪದ್ಯವೂ ಬೇಕಾಗಿರಲಿಲ್ಲ. 1591ರಲ್ಲಿ ಕಾಶಿ ಹತ್ತಿರದ ಚುನಾರಿನಲ್ಲಿ ಒಂದು ರಾಗಮಾಲೆ ತಯಾರಾಯಿತು. ಬರೆದವರು ಮೊಗಲ್ ಶೈಲಿಯಲ್ಲಿ ಪಳಗಿದವರು. ಅದು ರಾಜಸ್ಥಾನದ ಬೂಂದಿಯ ಕಡೆ ಹೋಯಿತು. ಮುಂದೆ ಬೂಂದಿ, ಕೋಟಾ ಚಿತ್ರಕಾರರು ತಲೆಮಾರುಗಟ್ಟಲೆ ಅದೇ ಮಾದರಿ ಹಿಡಿದು ಬರೆದರು. ಅದೇ ಮಂಟಪ, ಅದೇ ಭಂಗಿ. ಅಷ್ಟರಲ್ಲಿ ಹಾಡುವವರ ಗಂಟಲಲ್ಲಿ ರಾಗಗಳು ಎಲ್ಲಿಂದ ಎಲ್ಲಿಗೋ ಹೋಗಿದ್ದವು. ಚಿತ್ರ ಮಾತ್ರ ನಿಂತಲ್ಲೇ ನಿಂತಿತ್ತು.

ಇನ್ನು ಈ ರಾಗಗಳ ಸಂಸಾರದ ಲೆಕ್ಕ. ಆರು ರಾಗ, ಅಂದರೆ ಆರು ಗಂಡಸರು. ಒಬ್ಬೊಬ್ಬನಿಗೆ ಐದೈದು ಹೆಂಡತಿಯರು, ಅವರೇ ರಾಗಿಣಿಯರು. ಒಟ್ಟು 36. ಪಹಾಡಿ ಸೀಮೆಯವರು, ಅಂದರೆ ಹಿಮಾಲಯದ ತಪ್ಪಲಿನ ಚಿತ್ರಕಾರರು, ಹಿಡಿದದ್ದು ಕ್ಷೇಮಕರ್ಣ ಅನ್ನುವ ಗ್ರಂಥಕಾರ 1570ರಲ್ಲಿ ಮಾಡಿದ ಪಟ್ಟಿ. ಅದರಲ್ಲಿ ಎಂಟೆಂಟು ಗಂಡುಮಕ್ಕಳೂ ಸೇರಿ 84! ರಾಗಿಣಿಯರಲ್ಲಿ ಸುಮಾರು ಜನರ ಕೆಲಸ ಏನು? ಕಾಯುವುದು, ಮುನಿಸಿಕೊಳ್ಳುವುದು, ಬಡವಾಗುವುದು. ದರ್ಬಾರಿನ ಗಂಡಸರು ಬರೆಸಿದ ಚಿತ್ರ ಅನ್ನೋದು ಗೊತ್ತಾಗುತ್ತದೆ ಬಿಡಿ. ಅದಕ್ಕೇ ನನಗೆ ಆಸಾವರಿ ಇಷ್ಟ. ಬಂಡೆ ಮೇಲೆ ಕೂತು ಹಾವುಗಳ ಜೊತೆ ಆರಾಮಾಗಿದ್ದಾಳೆ, ಯಾರ ದಾರಿಯನ್ನೂ ಕಾಯುತ್ತಿಲ್ಲ.

ನನ್ನ ವಾದಕ್ಕೆ ಒಂದು ತೊಡಕಿದೆ, ಅದನ್ನೂ ಹೇಳಿಬಿಡುತ್ತೇನೆ. ಇದೇ ಕ್ಷೇಮಕರ್ಣ ರಾಗಗಳನ್ನು ಪ್ರಾಣಿಗಳ ಕೂಗಿಗೆ, ಮನೆಯೊಳಗಿನ ಸದ್ದುಗಳಿಗೆ ಹೋಲಿಸಿದ. ಪಹಾಡಿ ಚಿತ್ರಕಾರರು ಆ ಹೋಲಿಕೆಗಳನ್ನೂ ಚಿತ್ರಕ್ಕೆ ತಂದರು. ಅಲ್ಲಿ ಕಿವಿ ಸ್ವಲ್ಪ ಕೆಲಸ ಮಾಡಿದೆ, ಒಪ್ಪುತ್ತೇನೆ. ಆದರೂ ಅದು ಹೋಲಿಕೆಯೇ, ಮತ್ತೆ ಮಾತೇ.

ಇದೆಲ್ಲ ಉತ್ತರದವರ ವಿಷಯ, ನಮಗೇನು ಅನ್ನಬೇಡಿ. ಶಿವಗಂಗೆ ಬೆಟ್ಟದ ಸೀಮೆಯ ಸಾತನೂರಿನವನು ಪುಂಡರೀಕ ವಿಠ್ಠಲ. ಉತ್ತರಕ್ಕೆ ಹೋಗಿ, ಖಾನದೇಶದ ಬುರ್ಹಾನ್‌ಪುರದಲ್ಲಿದ್ದು, ಆಮೇಲೆ ರಜಪೂತರ ಆಶ್ರಯ ಪಡೆದ. 1576ರಲ್ಲಿ ಅವನು ಬರೆದ ಗ್ರಂಥದ ಹೆಸರೇ 'ರಾಗಮಾಲಾ'. ರಾಗಗಳನ್ನು ಗಂಡು ಹೆಣ್ಣಾಗಿ ವರ್ಣಿಸಿದವರಲ್ಲಿ ನಮ್ಮವನೂ ಒಬ್ಬ. ನಾವು ಮಾತ್ರ ರಾಗಮಾಲಿಕೆ ಅಂದರೆ ಕಛೇರಿ ಕೊನೆಗೆ ಹಾಡುವುದು ಅಂತ ತಿಳಿದು ಸುಮ್ನೆ ಇದ್ದೇವೆ.

ಬಿಜಾಪುರದ ಸುಲ್ತಾನ ಎರಡನೇ ಇಬ್ರಾಹಿಂ ಆದಿಲ್ ಶಾಹ ಇನ್ನೊಬ್ಬ. ಅವನಿಗೆ ಸಂಗೀತದ ಹುಚ್ಚು. ತನ್ನ ತಂಬೂರಿಗೆ ಮೋತಿಖಾನ್ ಅಂತ ಹೆಸರಿಟ್ಟಿದ್ದ. 'ಕಿತಾಬ್-ಎ-ನವರಸ್'ನಲ್ಲಿ ದಖನಿ ಭಾಷೆಯ ಹಾಡುಗಳನ್ನು ರಾಗದ ಪ್ರಕಾರ ಜೋಡಿಸಿದ. ಭೈರವ ರಾಗದ ಹಾಡಿನಲ್ಲಿ ಕರ್ಪೂರದಷ್ಟು ಬೆಳ್ಳಗಿನ ಭೈರವ, ಹಣೆಯಲ್ಲಿ ಚಂದ್ರ, ಜಟೆಯಲ್ಲಿ ಗಂಗೆ. ಗಮನಿಸಿ, ಇವನು ಸ್ವತಃ ಹಾಡುಗಾರ, ವಾದ್ಯ ಹಿಡಿದವನು. ಇವನೂ ಭೈರವದ ಬಗ್ಗೆ ಹೇಳುವಾಗ ರಿಷಭ ಸ್ವರ ಹೇಗೆ ಅಲುಗುತ್ತದೆ ಅಂತ ಹೇಳಲಿಲ್ಲ. ಯಾರು ಬಂದು ನಿಂತಿದ್ದಾರೆ ಅಂತ ಹೇಳಿದ.

ನನಗೆ ಅರ್ಥವಾದದ್ದು ಅಲ್ಲೇ. ರಾಗ ಅನ್ನೋದು ಆರೋಹಣ ಅವರೋಹಣದ ಪಟ್ಟಿಯಲ್ಲ ಅಂತ ಎಲ್ಲ ಮೇಷ್ಟ್ರುಗಳೂ ಹೇಳುತ್ತಾರೆ. ಮತ್ತೇನು ಅಂತ ಕೇಳಿದರೆ ತಡವರಿಸುತ್ತಾರೆ. ಈ ಚಿತ್ರಗಳು ತಡವರಿಸುವುದಿಲ್ಲ. ರಾಗ ಅಂದರೆ ಒಬ್ಬ ವ್ಯಕ್ತಿ, ಒಂದು ಹೊತ್ತು, ಒಂದು ಹವಾ. ಸಂಗೀತ ಕೇಳಿಸದಿದ್ದರೂ ಪರವಾಗಿಲ್ಲ, ಹೊತ್ತು ಸಿಕ್ಕಿಬಿಟ್ಟಿದೆ.

ಲಲಿತ್ ನೋಡಿ. ಹಿಂದೂಸ್ತಾನಿಯಲ್ಲಿ ಬೆಳಗಿನ ಜಾವದ ರಾಗ, ಪಂಚಮ ಸ್ವರವೇ ಇಲ್ಲ, ಎರಡೂ ಮಧ್ಯಮಗಳು ಅಕ್ಕಪಕ್ಕ. ಚಿತ್ರದಲ್ಲಿ ಅವಳಿಗೆ ನಿದ್ದೆ. ಅವನು ಹೊರಟಿದ್ದಾನೆ, ಕೈಯಲ್ಲಿ ಹೂಮಾಲೆ, ತಿರುಗಿ ನೋಡುತ್ತಿದ್ದಾನೆ. ಇದರಲ್ಲಿ ಮಧ್ಯಮ ಹುಡುಕಬೇಡಿ. ದಯವಿಟ್ಟು ಹಿಂದೆ ಆಲಾಪವನ್ನೂ ಹಾಕಬೇಡಿ. ಫೋನ್ ಪಕ್ಕಕ್ಕಿಟ್ಟು ಐದು ನಿಮಿಷ ನೋಡಿ.

ಆಮೇಲೆ ವಿಭಾಸ್ ನೋಡಿ. ಅದೂ ಬೆಳಗಿನ ಚಿತ್ರವೇ. ಆದರೆ ಇಲ್ಲಿನ ಗಂಡಸು ಹೋಗುವವನಲ್ಲ. ಕೆಲವು ಚಿತ್ರಗಳಲ್ಲಿ ಮಾಡಿನ ಮೇಲೆ ಕೋಳಿ ಕೂತಿರುತ್ತದೆ. ಅದು ಕೂಗಿದರೆ ರಾತ್ರಿ ಮುಗಿಯಿತು. ಅವನು ಹಾಸಿಗೆ ಪಕ್ಕದಲ್ಲೇ ಬಿಲ್ಲೆತ್ತಿ ಆ ಕೋಳಿಗೆ ಗುರಿ ಇಟ್ಟಿದ್ದಾನೆ.