ಹಾಡುವ ಪಿಟೀಲು: ವಿದುಷಿ ಎನ್. ರಾಜಂ

ಕೇಳುಗರಿಗೆಲ್ಲ ನಮಸ್ಕಾರ. ನಮ್ಮ ಬೆಳಗಾವಿ ಕಡೆ ಸಂಗೀತ ಅಂದರೆ ಮೊದಲು ನೆನಪಾಗುವುದು ಗಾಯನ, ಅಲ್ವಾ? ಇಲ್ಲೇ ಪಕ್ಕದ ಸುಳೇಭಾವಿಯಲ್ಲಿ ಹುಟ್ಟಿದ ಕುಮಾರ ಗಂಧರ್ವರು, ಧಾರವಾಡದ ಮಲ್ಲಿಕಾರ್ಜುನ ಮನಸೂರರು, ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ಲರು, ಇವರನ್ನೆಲ್ಲ ಕೇಳಿ ಬೆಳೆದ ಕಿವಿ ನಮ್ಮದು. ಅಂಥ ಕಿವಿಗೆ ವಿದುಷಿ ಎನ್. ರಾಜಂ ಅವರ ಪಿಟೀಲು ಬಲು ಬೇಗ ಹಿಡಿಸುತ್ತದೆ. ಯಾಕಂದ್ರೆ ಅದು ಹಾಡುತ್ತದೆ.

ರಾಜಂ ಹುಟ್ಟಿದ್ದು 1938ರಲ್ಲಿ. ತಂದೆ ನಾರಾಯಣ ಅಯ್ಯರ್ ಅವರೇ ಮೊದಲ ಗುರು. ಅಣ್ಣ ಟಿ.ಎನ್. ಕೃಷ್ಣನ್ ಕರ್ನಾಟಕ ಸಂಗೀತದ ದೊಡ್ಡ ಪಿಟೀಲು ವಾದಕರು. ರಾಜಂ ಕೂಡ ಎಳೆ ವಯಸ್ಸಿನಿಂದ ಕಲಿತದ್ದು ಅದೇ ಪದ್ಧತಿ. ದಕ್ಷಿಣದಲ್ಲೇ ಉಳಿದಿದ್ದರೂ ಅವರಿಗೆ ಹೆಸರು ಬರುತ್ತಿತ್ತು. ಆದರೆ ಪಂಡಿತ ಓಂಕಾರನಾಥ ಠಾಕೂರರ ಗಾಯನ ಅವರನ್ನು ಸೆಳೆದುಬಿಟ್ಟಿತು.

ಠಾಕೂರರು ಹಿಂದೂಸ್ತಾನಿ ಸಂಗೀತದ ಗ್ವಾಲಿಯರ್ ಘರಾಣೆಯ, ಅಂದರೆ ಆ ಗುರುಪರಂಪರೆಯ, ಹಾಡುಗಾರರು. ರಾಜಂ ಅವರ ಶಿಷ್ಯೆಯಾದರು. ಗುರು ಹಾಡಬೇಕು, ಶಿಷ್ಯೆ ಅದನ್ನು ತಂತಿಯ ಮೇಲೆ ತರಬೇಕು. ಇದು ಸುಮ್ನೆ ಆಗುವ ಕೆಲಸವಲ್ಲ. ಗಾಯಕರು ಒಂದೇ ಉಸಿರಿನಲ್ಲಿ ಎಳೆಯುವ ಸ್ವರವನ್ನು ಇವರು ಉದ್ದ ಕಮಾನಿನಲ್ಲಿ ಎಳೆಯಬೇಕು, ಕಮಾನು ಹಿಂದಕ್ಕೆ ತಿರುಗಿದ್ದು ಕೇಳುವವರಿಗೆ ಗೊತ್ತೇ ಆಗಬಾರದು. ಮೀಂಡಿನಲ್ಲಿ, ಅಂದರೆ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವಾಗ, ಬೆರಳು ತಂತಿ ಬಿಡದೆ ಸಾಗಬೇಕು. ಪಿಟೀಲಿಗೆ ಸಿತಾರದ ಹಾಗೆ ಸ್ವರದ ಜಾಗ ತೋರಿಸುವ ಮೆಟ್ಟಿಲುಗಳಿಲ್ಲ, ಹಾಗಾಗಿ ಎಲ್ಲಿ ನಿಲ್ಲಬೇಕು ಅನ್ನುವುದನ್ನು ಕಿವಿಯೇ ಹೇಳಬೇಕು. ಹೀಗೆ ನುಡಿಸುವುದಕ್ಕೆ ಗಾಯಕಿ ಅಂಗ, ಅಂದರೆ ಹಾಡುವ ಶೈಲಿ, ಅನ್ನುತ್ತಾರೆ. ರಾಜಂ ಅವರ ವಿಲಂಬಿತ ಖ್ಯಾಲ್ (ನಿಧಾನ ಲಯದ ಹಿಂದೂಸ್ತಾನಿ ಗಾಯನ ಪ್ರಕಾರ) ಕೇಳಿ, ಬಂದಿಶಿನ (ರಚನೆಯ) ಮುಖಡಾ, ಅಂದರೆ ಮೊದಲ ತುಣುಕು, ತಾಳದ ಮೊದಲ ಪೆಟ್ಟಾದ ಸಮ್ಮಿಗೆ ಬಂದು ಕೂಡುವಾಗ ಅಲ್ಲಿ ಹಾಡಿನ ಪದಗಳೇ ಇಲ್ಲ ಅನ್ನುವುದು ಮರೆತುಹೋಗುತ್ತದೆ. ನನ್ನ ಮಟ್ಟಿಗಂತೂ ಅವರ ಅತಿ ದೊಡ್ಡ ಸಾಧನೆ ಇದೇ. ವೇಗದ ತಾನುಗಳನ್ನು, ಅಂದರೆ ಓಡುವ ಸ್ವರಗುಚ್ಛಗಳನ್ನು, ನುಡಿಸುವವರು ಬೇಕಾದಷ್ಟು ಜನ ಇದ್ದಾರೆ. ನಿಧಾನದಲ್ಲಿ ಇಷ್ಟು ತುಂಬಿ ನುಡಿಸುವವರು ಕಡಿಮೆ.

ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಅವರು ಸುಮಾರು ನಾಲ್ಕು ದಶಕ ಪಾಠ ಹೇಳಿದರು. 1984ರಲ್ಲಿ ಪದ್ಮಶ್ರೀ, 2004ರಲ್ಲಿ ಪದ್ಮಭೂಷಣ ಬಂದವು. ಮಗಳು ಸಂಗೀತಾ ಶಂಕರ್, ಮೊಮ್ಮಕ್ಕಳು ರಾಗಿಣಿ ಮತ್ತು ನಂದಿನಿ, ಇವರೆಲ್ಲ ಅದೇ ಅಂಗದಲ್ಲಿ ನುಡಿಸುತ್ತಾರೆ. ಅಜ್ಜಿ, ಮಗಳು, ಮೊಮ್ಮಕ್ಕಳು ಒಂದೇ ವೇದಿಕೆಯಲ್ಲಿ ಕೂತು ನುಡಿಸಿದ್ದೂ ಉಂಟು.

ನಮ್ಮ ಬೆಳಗಾವಿಯಲ್ಲೂ ಪಿಟೀಲು ಕಲಿಯುವ ಮಕ್ಕಳಿದ್ದಾರೆ. ಅವರ ತಂದೆ ತಾಯಿಗೆ ನನ್ನದೊಂದು ವಿನಂತಿ: ಮಕ್ಕಳನ್ನು ವಾರಕ್ಕೆ ಒಂದು ದಿನವಾದರೂ ಹಾಡಿನ ಪಾಠಕ್ಕೂ ಕಳಿಸಿ.